ಗಣಿಯವರ ಜೇಬು

ಪಕ್ಕದ ಮನೆಯವರು ಚಿನ್ನದ ಗಣಿಯಿಂದ ತಂದದ್ದು ಹುಬ್ಬಿನ ಮೇಲಿನ ಒಂದು ನೀಲಿ ಗೀರು ಮಾತ್ರ. ಸಿಡಿದ ಕಲ್ಲಿನ ಪುಡಿ ಚರ್ಮದೊಳಗೇ ಉಳಿದು ಹಚ್ಚೆಯಂತಾಗಿತ್ತು. ಅವರು ತೀರಿಕೊಂಡ ಮೇಲೂ ನಮ್ಮ ಹೆಗ್ಗನಹಳ್ಳಿ ಬೀದಿಯವರು, "ಎಲ್ಲೋ ಚಿನ್ನ ಹೂತಿಟ್ಟಿರ್ತಾರೆ" ಅನ್ನುತ್ತಾರೆ. ಸುಳ್ಳು.

ನಾವೆಲ್ಲ ಅವರನ್ನು ಗಣಿಯವರು ಅನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೊರಡುವಾಗ ಹೊಸ್ತಿಲಲ್ಲಿ ನಿಂತು, ಜೇಬನ್ನು ಒಳಗಿನಿಂದ ಎಳೆದು ತೋರಿಸಿ, ಎರಡೂ ಕೈ ಎತ್ತುತ್ತಿದ್ದರು.

"ಏನ್ರೀ ಇದು, ನಾನೇನು ಪೊಲೀಸಾ?"

"ಅಭ್ಯಾಸ ಅಕ್ಕಾ. ಗಣಿ ಗೇಟಲ್ಲಿ ದಿನಾ ಹಿಂಗೇ ಜೇಬು ನೋಡಿ ಹೊರಗೆ ಬಿಡ್ತಿದ್ದಿದ್ದು."

ಅವರ ಹೆಂಡತಿ ಹುಟ್ಟಿದ್ದೇ ಆ ಗಣಿಯ ಸಾಲುಮನೆಯಲ್ಲಿ. ಹಾಸಿಗೆ ಹಿಡಿದ ಮೇಲೆ ಆಕೆ ಕೇಳಿದ್ದು ಒಂದೇ: "ನಮ್ಮೂರಿಂದ ಒಂದು ಕಲ್ಲು ತಂದ್ಕೊಡಿ." ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿದ್ದರು. ನನ್ನ ಮಗಳು ಗಣಿಯವರನ್ನೂ ನನ್ನನ್ನೂ ಕಾರಿನಲ್ಲಿ ಕೆಜಿಎಫ್‌ಗೆ ಕರೆದುಕೊಂಡು ಹೋದಳು.

ಚಿನ್ನದ ಊರು ಅಂದರೆ ಬೂದಿ ಬಣ್ಣದ ಮಣ್ಣುಗುಡ್ಡ, ಪಾಳು ಬಂಗಲೆ, ತುಕ್ಕು ಹಿಡಿದ ದೊಡ್ಡ ಚಕ್ರ. ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಗಣಿಯವರು ಚಕ್ರದ ಕೆಳಗಿನಿಂದ ನಿಂಬೆಹಣ್ಣಿನಷ್ಟು ಕರಿಕಲ್ಲು ಆರಿಸಿ ಜೇಬಿಗೆ ಹಾಕಿಕೊಂಡರು.

ಹಳೇ ಗೇಟಿನ ಹತ್ತಿರ ನಾಯಿಯೊಂದು ಮಲಗಿತ್ತು, ಇನ್ನಾರೂ ಇರಲಿಲ್ಲ. ಅವರು ನಿಂತರು. ಕೈ ತಾನಾಗಿ ಮೇಲೆದ್ದಿತು. ಆಮೇಲೆ ತಾವೇ ಕಲ್ಲು ತೆಗೆದು ಕಂಬದ ಬುಡದಲ್ಲಿಟ್ಟರು.

"ನಿಮ್ಮನ್ನ ಹಿಡಿಯೋಕೆ ಈ ನಾಯಿ ಕಾಯ್ತಿದೆಯಾ? ಎತ್ಕೊಳ್ರಿ!"

"ಬೇಡ ಅಕ್ಕಾ. ಆಗಲ್ಲ ನನ್ ಕೈಲಿ."

ಹೋಗಿ ಕಾರಿನಲ್ಲಿ ಕೂತರು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಅವಳಿಗೆ ಏನಂತ ಹೇಳಲಿ?" ನಾನು ಮಡಿಲಲ್ಲಿದ್ದ ಎಲೆಅಡಿಕೆ ಚೀಲದ ದಾರ ಬಿಗಿ ಮಾಡಿದೆ.

ಮಾರನೇ ಬೆಳಿಗ್ಗೆ ಅವರು ಹಾಲು ತರಲು ಹೋಗುವುದನ್ನೇ ಕಾದಿದ್ದು ಅವರ ಮನೆಗೆ ಹೋದೆ. ಎಲೆಅಡಿಕೆ ಚೀಲದಿಂದ ಅದೇ ಕರಿಕಲ್ಲು ತೆಗೆದು ಆಕೆಯ ಅಂಗೈಗಿಟ್ಟೆ. ಮೂಗಿನ ಹತ್ತಿರ ಹಿಡಿದುಕೊಂಡು ಮೂಸಿದಳು. ಕೆನ್ನೆಗೆ ಒತ್ತಿಕೊಂಡಳು.

ಹಾಲಿನ ಪ್ಯಾಕೆಟ್ ಹಿಡಿದು ಬಂದ ಗಣಿಯವರು ಹೆಂಡತಿಯ ಕೈ ನೋಡಿದರು, ನನ್ನ ಮುಖ ನೋಡಿದರು.

"ನಿಮ್ಮ ಜೇಬಲ್ಲಿ ಬಂದಿದ್ದಲ್ಲ, ಸುಮ್ನಿರಿ" ಅಂದೆ.

ಹೊರಡುವಾಗ ಅವರ ಹೊಸ್ತಿಲಲ್ಲಿ ನಿಂತು, ನನ್ನ ಎಲೆಅಡಿಕೆ ಚೀಲವನ್ನು ಒಳಹೊರಗು ಮಾಡಿ ಕೊಡವಿ, ಎರಡೂ ಕೈ ಎತ್ತಿದೆ.