ಅಣ್ಣನ ಕಪ್ಪು ಪರದೆ

ಅಣ್ಣನ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಿತ್ತು. ಕ್ಯಾಮೆರಾ ಹಿಡಿದು ಹಿಡಿದು ಅದು ಅರ್ಧ ಮುಚ್ಚಿಯೇ ಉಳಿದಿತ್ತು. ಯಾರನ್ನು ಕಂಡರೂ ಅವರ ಮುಖದ ಮೇಲೆ ಬೆಳಕು ಎಲ್ಲಿ ಬಿದ್ದಿದೆ ಎಂದೇ ನೋಡುತ್ತಿದ್ದ. ನನ್ನನ್ನು ನೋಡಲು ಬಂದ ಬೀಗರನ್ನೂ “ಸ್ವಲ್ಪ ಕಿಟಕಿ ಕಡೆ ತಿರುಗ್ರಿ” ಎಂದು ಕೂಡಿಸಿದವನು ಅವನು.

ಯಲಬುರ್ಗಾದಲ್ಲಿ ಅವನ ಫೋಟೋ ಸ್ಟುಡಿಯೋ, ಮನೆ ತಳಕಲ್ ಕಡೆಯ ನಮ್ಮ ಹಳ್ಳಿಯಲ್ಲಿ. ಫೋಟೋಕ್ಕೆ ಕುಳಿತವರಿಗೆ ಒಂದೇ ಮಾತು: “ಲೈಟಿಗೆ ನೆಟ್ಟಗ ಮಾರಿ ಕೊಡಬ್ಯಾಡ್ರಿ, ಮಾರಿ ಚಪ್ಪಟಿ ರೊಟ್ಟಿ ಆಗತೈತಿ.”

ನಮ್ಮೂರ ಕರಿಕಲ್ಲಿನ ಹಳೆಯ ಗುಡಿಗೆ ದೀಪ ಬೇಕೆಂದು ಕೊಪ್ಪಳದ ಕಚೇರಿಗಳಿಗೆ ಅಲೆದವನು ಅವನೇ. ಒಂದು ಸಣ್ಣ ದೀಪವನ್ನು ಪಕ್ಕದಲ್ಲಿ, ಕೆಳಗೆ ಇಟ್ಟು ಗುಡಿಯ ಕಂಬದ ಫೋಟೋ ತೆಗೆದಿದ್ದ. ಕಂಬದ ಹೂಬಳ್ಳಿ ಬೆರಳಿಗೆ ತಾಗುವಂತಿತ್ತು. “ಇಷ್ಟ ಸಾಕ್ರಿ” ಎಂದು ಅದನ್ನು ಎಲ್ಲರಿಗೂ ತೋರಿಸುತ್ತಿದ್ದ.

ದೀಪಗಳು ಬಂದವು. ನೆಲದಲ್ಲಿ ಹುಗಿದು, ಬಾಯಿ ಮೇಲೆ ಮಾಡಿದ ದೊಡ್ಡ ದೀಪಗಳು. ಹಸಿರು, ನೇರಳೆ, ಬಿಳಿ. ಅರ್ಧ ಬೆಳಕು ಗೋಡೆಗೆ ಬಡಿದರೆ ಇನ್ನರ್ಧ ಆಕಾಶಕ್ಕೆ ಹೋಗುತ್ತಿತ್ತು. ಹೂಬಳ್ಳಿ ಅಳಿಸಿಹೋಯಿತು. ಊರ ಮೇಲಿನ ಚುಕ್ಕಿಗಳೂ ಅಳಿಸಿಹೋದವು. ಜನ ಚಪ್ಪಾಳೆ ತಟ್ಟಿದರು.

“ಗುಡಿ ರೊಟ್ಟಿ ಮಾಡೀರಿ” ಎಂದ ಅಣ್ಣ.

ಗುತ್ತಿಗೆದಾರ ನಕ್ಕ. “ಲೈಟು ಬೇಕಂತ ಬೆನ್ನು ಹತ್ತಿದವ್ರು ನೀವ. ಈಗ ಜಾಸ್ತಿ ಆತಂದ್ರ ಹೆಂಗ್ರಿ?”

ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. ದೀಪ ಬೇಡ ಎಂದು ಅವನು ಎಂದೂ ಅನ್ನಲಿಲ್ಲ. ಬಾಯಿ ಕೆಳಗೆ ಮಾಡಿ, ಮೇಲೊಂದು ತಗಡು ಮುಚ್ಚಿ ಎಂದಷ್ಟೇ ಕೇಳಿದ. ಅಷ್ಟನ್ನು ಮಾಡಲು ಒಬ್ಬನಿಗೂ ಕೈ ಬರಲಿಲ್ಲ.

ರಂಜಾನ್ ಚಂದ್ರನನ್ನು ನೋಡಲು ನಮ್ಮೂರ ಮುಸ್ಲಿಮರು ಮೊದಲಿನಿಂದಲೂ ಬರುವುದು ಗುಡಿಯ ಕಟ್ಟೆಗೆ. ಊರಲ್ಲೇ ಎತ್ತರದ ಜಾಗ ಅದು, ಪಡುವಣ ಅಲ್ಲಿಂದ ಬಯಲಾಗಿ ಕಾಣುತ್ತದೆ. ದೀಪ ಬಂದ ವರ್ಷ ಹೊತ್ತು ಮುಳುಗುವಷ್ಟರಲ್ಲಿ ಅವು ತಾವೇ ಹತ್ತಿಕೊಂಡವು. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಕೊಪ್ಪಳದಲ್ಲಿ. ಪಕ್ಕದ ಮನೆಯ ಚಾಚಾ ಕಣ್ಣುಜ್ಜಿಕೊಂಡು ಕೆಳಗಿಳಿದರು. “ಇನ್ನ ಚಂದ್ರನ್ನ ಮೊಬೈಲಿನ್ಯಾಗ ನೋಡೂದು ಬಿಡ ತಮ್ಮಾ” ಎಂದರು.

ಅಣ್ಣ ಅಂದು ಉಣ್ಣಲಿಲ್ಲ.

ಮರುವರ್ಷ ಸ್ಟುಡಿಯೋದ ಕಪ್ಪು ಪರದೆಯನ್ನು ಬಿಚ್ಚಿ ತಂದ. ಪಡುವಣ ಸಾಲಿನ ದೀಪಗಳ ಮುಂದೆ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಪೂಜಾರಿ ಹಿಡಿದರು. ಚಂದ್ರ ಕಂಡ. ಎರಡು ದಿನ ಬಿಟ್ಟು ಪೊಲೀಸರು ಅಣ್ಣನನ್ನು ಕರೆದೊಯ್ದರು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಗುತ್ತಿಗೆದಾರ ದೂರು ಕೊಟ್ಟಿದ್ದ. ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂಡಿಸಿ ಕಳಿಸಿದರು.

ಆಮೇಲೂ ಅವನು ಕೊಪ್ಪಳಕ್ಕೆ ಹೋಗುವುದು ಬಿಡಲಿಲ್ಲ. ಹಾಗೆ ಹೋಗಿ ಬಂದ ಒಂದು ಮಧ್ಯಾಹ್ನ ನೀರು ಕೇಳಿದ, ತರುವಷ್ಟರಲ್ಲಿ ಹೋಗಿದ್ದ. ಗುತ್ತಿಗೆದಾರ, ಕಚೇರಿಯವರು ಕೊಂದರು ಎನ್ನಲಾರೆ, ಅವನ ಎದೆ ಮೊದಲೇ ಸರಿಯಿರಲಿಲ್ಲ. ಆದರೆ ಅವನನ್ನು ಅಲೆಸಿದವರು ಅವರೇ. ಅದನ್ನು ನಾನು ಮರೆಯುವುದಿಲ್ಲ.

ಶ್ರದ್ಧಾಂಜಲಿ ಸಭೆಗೆ ಅದೇ ಗುತ್ತಿಗೆದಾರ ಹಾರ ತಂದ. ಊರಿಗೆ ಬೆಳಕು ತಂದವರು ಎಂದು ಹೊಗಳಿದ. ಅಣ್ಣನ ನೆನಪಿಗೆ ಗುಡಿಯ ಅಂಗಳದಲ್ಲಿ ಎತ್ತರದ ಕಂಬ ನಿಲ್ಲಿಸಿ, ತುದಿಗೆ ಇನ್ನೂ ದೊಡ್ಡ ದೀಪ ಹಾಕಿಸುವೆ ಎಂದ. ಜನ ಮತ್ತೆ ಚಪ್ಪಾಳೆ ತಟ್ಟಿದರು.

ನಾನು ಸಭೆಯಲ್ಲಿ ಎಂದೂ ಮಾತಾಡಿದವಳಲ್ಲ. ಎದ್ದು ನಿಂತೆ. “ಬ್ಯಾಡ್ರಿ.”

“ಯಾಕವ್ವಾ, ನಿಮ್ಮಣ್ಣನ ಹೆಸರು ಉಳಿತೈತಿ.”

“ಹೆಸರು ಉಳಸೂದಿದ್ರ ಇದ್ದ ದೀಪದ ಬಾಯಿ ಕೆಳಗ ಮಾಡ್ರಿ. ಕಂಬಕ್ಕ ಕುಣಿ ತೋಡಿದ್ರ ಆ ಕುಣ್ಯಾಗ ನಾ ಕುಂಡರತೀನಿ.”

ಕಂಬ ಬರಲಿಲ್ಲ. ದೀಪಗಳ ಬಾಯಿಯೂ ಕೆಳಗಾಗಲಿಲ್ಲ.

ಈ ವರ್ಷ ರಂಜಾನ್ ಚಂದ್ರನ ಸಂಜೆ ಪರದೆಯನ್ನು ಗುಡಿಗೆ ನಾನು ಒಯ್ದೆ. ಇನ್ನೊಂದು ತುದಿ ಪೂಜಾರಿಯ ಕೈಯಲ್ಲಿತ್ತು. ಗುತ್ತಿಗೆದಾರ ದೀಪಗಳಿಗೆ ಇಟ್ಟ ಕಾವಲುಗಾರ ಮೊಬೈಲ್ ಎತ್ತಿ ನಮ್ಮ ಫೋಟೋ ತೆಗೆಯತೊಡಗಿದ. ಆ ಬೆಳಕಿನಲ್ಲಿ ನನ್ನ ಮುಖ ರೊಟ್ಟಿಯಾಗಿಯೇ ಬಂದಿರುತ್ತದೆ. ಠಾಣೆಗೆ ಕೊಡುವುದಾದರೆ ಕೊಡಲಿ. ಕಟ್ಟೆಯ ಮೇಲಿಂದ ಚಾಚಾ “ಕಾಣ್ತವ್ವಾ” ಎನ್ನುವವರೆಗೆ ನಾನು ಕೈ ಇಳಿಸಲಿಲ್ಲ.