ಭಾವನ ಚಿನ್ನದ ಕಿವಿ

ನಮ್ಮ ಭಾವ ಬೊಗುಮಿಲ್ ಅವರಿಗೆ ಮನೆಯಲ್ಲಿ ಕೆಟಲ್ ಸೀಟಿ ಹೊಡೆದರೆ ಕೇಳಿಸುವುದಿಲ್ಲ. ಅದೇ ಅವರ ಸ್ಪೀಕರ್ ಅಂಗಡಿಯಲ್ಲಿ ಎರಡು ತಂತಿ ಕೈಗೆ ಕೊಟ್ಟು ಯಾವುದರ ನಾದ ಮೇಲು ಅಂತ ಕೇಳಿ ನೋಡಿ, ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ಹೇಳುತ್ತಾರೆ.

"ನೀರೆಲ್ಲ ಇಂಗಿ ಕೆಟಲ್ ತಳ ಸುಟ್ಟೋಗಿದೆ, ಬೊಗುಶ್! ಇದೇನಾ ನಿನ್ನ ಚಿನ್ನದ ಕಿವಿ?" ಅಂತ ನಮ್ಮಕ್ಕ ಹಲೀನಾ ಅಡುಗೆಮನೆಯಿಂದ ಕೂಗುತ್ತಾಳೆ.

"ಕಸದ ಸದ್ದನ್ನೆಲ್ಲ ನಾನು ಕಿವಿಗೆ ಹಾಕ್ಕೊಳ್ಳಲ್ಲ ಕಣೇ," ಅನ್ನುತ್ತಾರೆ ಭಾವ.

ಚಿನ್ನದ ಕಿವಿ ಅನ್ನುವುದು ವಾರ್ಸಾದ ಸಂಗೀತದ ಹುಚ್ಚರು ಅವರಿಗೆ ಕೊಟ್ಟ ಬಿರುದು. ಭಾವ ಮಾರುವುದು ಆಸ್ಟ್ರಿಯಾದ ಲಿಂಡ್ನರ್ ಎಂಬ ಮುದುಕರು ಕೈಯಾರೆ ಮಾಡುವ ಸ್ಪೀಕರ್. ಒಂದು ಜೊತೆಯ ಬೆಲೆಗೆ ಒಳ್ಳೆಯ ಕಾರೇ ಬರುತ್ತದೆ. ಪೋಲೆಂಡಿಗೆಲ್ಲ ಅದರ ಏಜೆನ್ಸಿ ಭಾವನದೇ. ಆದರೆ ಕಳೆದ ಶರತ್ಕಾಲದಲ್ಲಿ ಅದಕ್ಕೂ ಕುತ್ತು ಬಂದಿತ್ತು. ದೊಡ್ಡ ಅಂಗಡಿಯವರು ಯಾರೋ ಏಜೆನ್ಸಿ ತಮಗೆ ಬೇಕು ಅಂದಿದ್ದರು. ವಾರ್ಸಾದ ಸ್ಪೀಕರ್ ಪ್ರದರ್ಶನಕ್ಕೆ ನಾನೇ ಬಂದು ನಿಮ್ಮ ರೂಮಿನಲ್ಲಿ ಕೂತು ಕೇಳುತ್ತೇನೆ, ಆಮೇಲೆ ತೀರ್ಮಾನ, ಅಂತ ಲಿಂಡ್ನರ್ ಫೋನ್ ಮಾಡಿದ್ದರು. ಭಾವನ ಊಟ ಅರ್ಧಕ್ಕರ್ಧ ಇಳಿಯಿತು.

ಆ ಪ್ರದರ್ಶನ ನಡೆಯುವುದು ಹೋಟೆಲಿನಲ್ಲಿ. ಅಂಗಡಿಗೊಂದು ರೂಮು. ಮಂಚ ಆಚೆಗೆ, ಹಾಸಿಗೆ ಬಚ್ಚಲಿಗೆ, ಆ ಜಾಗಕ್ಕೆ ಸ್ಪೀಕರ್. ಬರುವವರೆಲ್ಲ ನರೆತ ತಲೆಯ ಗಂಡಸರು, ಕಂಕುಳಲ್ಲಿ ತಮ್ಮತಮ್ಮ ರೆಕಾರ್ಡು. ಹೆಂಡತಿಯನ್ನು ಕರೆತರುವವರು ಕಡಿಮೆ. ಕರೆತಂದವರೂ ಬೆಲೆ ಅವಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಾರೆ.

ಪೆಟ್ಟಿಗೆ ಹೊರುವುದು ನನ್ನ ಕೆಲಸ, ತಂತಿ ಮುಟ್ಟುವುದು ಭಾವನೊಬ್ಬರದೇ. ಅವರ ಸ್ಪೀಕರಿಗೆ ಮಾಮೂಲಿನಂತೆ ಒಂದು ಜೊತೆ ತಂತಿ ಸಾಕಾಗುವುದಿಲ್ಲ ನೋಡಿ. ಪೆಟ್ಟಿಗೆಯ ಕೆಳಗಿನ ದೊಡ್ಡ ಬಾಯಿಗೆ ಒಂದು, ಮೇಲಿನ ಪುಟ್ಟ ಬಾಯಿಗೆ ಇನ್ನೊಂದು. ತಾಳದ ಝಣಝಣ, ಹಾಡುವವರ ಸ, ಶ, ಎಲ್ಲ ಆ ಪುಟ್ಟದರ ಪಾಲು. ಎರಡನ್ನೂ ಕೂಡಿಸುವ ಹಿತ್ತಾಳೆ ಪಟ್ಟಿಯನ್ನು ಭಾವ ಬಿಚ್ಚಿದರು, ಕೆಳಗಿನ ತಂತಿಗಳನ್ನು ಸಿಕ್ಕಿಸಿದರು. ಅಷ್ಟರಲ್ಲಿ ಪಕ್ಕದ ರೂಮಿನವರು ಗೋಡೆ ಗುದ್ದಿದರು. ಭಾವ ಜಗಳಕ್ಕೆ ಎದ್ದು ಹೋದರು. ವಾಪಸು ಬಂದವರೇ ಹಿಂದಿನ ತಂತಿ ಕಾಣದ ಹಾಗೆ ಕಪ್ಪು ಪರದೆ ಎಳೆದು ಪ್ಲೇಯರ್ ಹಾಕಿದರು.

ನನಗೇನೋ ಹಾಡುವವಳು ಕಂಬಳಿ ಹೊದ್ದುಕೊಂಡಿದ್ದಾಳೆ ಅನ್ನಿಸಿತು. ಹೇಳಲಿಲ್ಲ. ಹಿಂದೊಮ್ಮೆ ಹೇಳಿದ್ದಕ್ಕೆ "ನಿಂದು ಕಿವಿನೋ, ಚಾದಂಗಡಿ ಸಾಸರ್ರೋ?" ಅನ್ನಿಸಿಕೊಂಡವನು ನಾನು. ಬಂದ ಗಿರಾಕಿಗಳೋ, ಕಣ್ಣು ಮುಚ್ಚಿ ತಲೆದೂಗಿದ್ದೇ ತಲೆದೂಗಿದ್ದು.

"ಆಹಾ, ಏನು ಮೃದು! ಇಡೀ ದಿನ ಕೇಳಿದ್ರೂ ಕಿವಿ ದಣಿಯಲ್ಲ ನೋಡಿ."

"ಬೆಣ್ಣೆ ಕಣ್ರೀ, ಬೆಣ್ಣೆ!"

ಸುದ್ದಿ ಹಬ್ಬಿ ರೂಮಿನ ಮುಂದೆ ಸಾಲು ನಿಂತಿತು. ಶನಿವಾರ ಲಿಂಡ್ನರ್ ಬಂದರು. ನಡುವಿನ ಕುರ್ಚಿಯಲ್ಲಿ ಕೂತು, ಊರುಗೋಲಿನ ಮೇಲೆ ಗದ್ದ ಊರಿ, ರೆಕಾರ್ಡಿನ ಪೂರ್ತಿ ಒಂದು ಮಗ್ಗುಲು ಕೇಳಿದರು. ಕಣ್ಣೊರೆಸಿಕೊಂಡರು. "ಇದನ್ನ ಮಾಡುವಾಗ ನನ್ನ ತಲೇಲಿದ್ದದ್ದು ಇದೇ ದನಿ, ಬೊಗುಮಿಲ್ ಅವರೇ. ಏಜೆನ್ಸಿ ನಿಮ್ಮದೇ," ಅಂದು ಕೈ ಕುಲುಕಿ ಊಟಕ್ಕೆ ಹೋದರು. ಭಾವ ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟೊತ್ತಿಗೆ ಅಕ್ಕ ಬಂದಳು, ಡಬ್ಬಿಯಲ್ಲಿ ಕಟ್ಲೆಟ್ಟು, ಗಸಗಸೆ ಕೇಕು ಹಿಡಿದುಕೊಂಡು. ರೂಮು ಖಾಲಿಯಿತ್ತು, ರೆಕಾರ್ಡು ತಿರುಗುತ್ತಿತ್ತು. ಡಬ್ಬಿ ಬಿಚ್ಚುತ್ತಿದ್ದವಳು ಕೈ ತಡೆದಳು.

"ಈ ಹಾಡೋಳಿಗೇನಾಗಿದೆ, ಬೊಗುಶ್? ಹಲ್ಲೆಲ್ಲ ಉದುರಿದ ಮುದುಕಿ ಪ್ರಾರ್ಥನೆ ಮಾಡ್ದಂಗಿದೆ! ಹಾಡಿನ ತುಂಬ ಒಂದು ಸ ಇಲ್ಲ, ಒಂದು ಶ ಇಲ್ಲ. ನಮ್ಮ ಪೋಲಿಶ್ ಭಾಷೇಲಿ ಅವೆರಡನ್ನ ತೆಗೆದ್ರೆ ಉಳಿಯೋದೇನು?"

"ಸುಮ್ನಿರೇ, ಲಿಂಡ್ನರ್ ಅವರೇ ಕಣ್ಣೀರು ಹಾಕಿದಾರೆ."

"ಹಾಕ್ತಾರೆ ಬಿಡು, ಪಾಪ."

ನಾನು ಪರದೆ ಸರಿಸಿದೆ. ಮೇಲಿನ ತಂತಿಗಳೆರಡೂ ಎಲ್ಲಿಗೂ ಸಿಕ್ಕಿಸದೆ ಜೋತಾಡುತ್ತಿದ್ದವು; ಪುಟ್ಟ ಬಾಯಿಗಳು ಇಷ್ಟು ಹೊತ್ತೂ ಮೂಕವಾಗಿದ್ದವು. ಭಾವನ ಮುಖ ಸುಣ್ಣವಾಯಿತು. ಮಂಡಿಯೂರಿ ತಾವೇ ಸಿಕ್ಕಿಸಿದರು, ಅದೇ ಹಾಡನ್ನು ಮತ್ತೆ ಹಾಕಿದರು.

"ಹ್ಞಾ, ಈಗ ಬಂತು," ಅಂದಳು ಅಕ್ಕ, ಯಾಕೋ ಮುಖ ಕಿವುಚಿಕೊಂಡು.

ಭಾವ ತಲೆ ಓರೆ ಮಾಡಿ ಕೇಳಿದರು. ಎಡಗಿವಿ ಕೊಟ್ಟು ಕೇಳಿದರು, ಬಲಗಿವಿ ಕೊಟ್ಟು ಕೇಳಿದರು. ಸ್ಪೀಕರಿಗೆ ಕಿವಿ ತಾಗಿಸಿದರು. "ಏನು ಬಂತು, ಹಲೀನಾ?" ಅಂದರು, ಚಿಕ್ಕ ದನಿಯಲ್ಲಿ. ಸದಾ ಬಾಯಿ ಮಾಡುವ ನಮ್ಮಕ್ಕ ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ ಕಟ್ಲೆಟ್ಟು ಕೈಗಿಟ್ಟಳು. ನನಗೆ ಕೆಟಲ್ಲಿನ ಸೀಟಿ ನೆನಪಾಯಿತು.

ಭಾನುವಾರ ತಂತಿ ಸರಿಯಾಗಿತ್ತು, ಅಕ್ಕನೂ ಬಂದು ಮೂಲೆಯಲ್ಲಿ ಕೂತಿದ್ದಳು. ಬಂದವರೆಲ್ಲ ಅದೇ ಬೆಣ್ಣೆಯನ್ನೇ ಹೊಗಳಿ ಹೋದರು, ಒಬ್ಬರಿಗೂ ಸಂಶಯ ಬರಲಿಲ್ಲ. ಹೊರಡುವ ಮುಂಚೆ ಲಿಂಡ್ನರ್ ಇನ್ನೊಮ್ಮೆ ಕೂತು ಕೇಳಿದರು. "ನಿನ್ನೆಯ ಹಾಗೇ!" ಅಂದರು. ಗೆದ್ದೆವು ಅಂದುಕೊಂಡೆ ನಾನು. ಭಾವ ಬಾಯಿ ತೆರೆದರು. ಕಾಲು ತುಳಿದೆ. ನಿಲ್ಲಲಿಲ್ಲ ಮಹಾರಾಯರು. ತಂತಿಯ ಕತೆ, ತಮ್ಮ ಕಿವಿಯ ಕತೆ, ಒಂದೂ ಬಿಡದೆ ಒದರಿಬಿಟ್ಟರು. ಹೋಯಿತು ಏಜೆನ್ಸಿ ಅಂತ ನಾನು ಪೆಟ್ಟಿಗೆ ಕಟ್ಟುವ ಹಗ್ಗ ಹುಡುಕತೊಡಗಿದೆ.

ಲಿಂಡ್ನರ್ ಕುರ್ಚಿಯಲ್ಲೇ ಭಾವನ ಕಡೆ ತಿರುಗಿದರು. "ಕಂಡುಹಿಡಿದವರು ಯಾರು?" ಅಂದರು. ಭಾವ ಅಕ್ಕನ ಕಡೆ ಕೈ ತೋರಿಸಿದರು.

"ಅಮ್ಮಾ, ಈಗ ಹೇಗಿದೆ? ನಿಜ ಹೇಳಿ."

ಅಕ್ಕ ಭಾವನ ಮುಖ ನೋಡಿದಳು. ಭಾವ ಹೇಳು ಎಂಬಂತೆ ತಲೆಯಾಡಿಸಿದರು. "ಬೇಜಾರು ಮಾಡ್ಕೋಬೇಡಿ, ಸ್ವಾಮಿ. ಸ, ಶ ಎಲ್ಲ ಚುಚ್ಚುತ್ತೆ. ಪಾತ್ರೆ ತೊಳೆಯೋ ಸದ್ದಿನ ಹಾಗೆ," ಅಂದಳು.

ಮುದುಕರು ಊರುಗೋಲನ್ನೇ ನೋಡುತ್ತಾ ಕೂತರು. "ಇಷ್ಟು ವರ್ಷ ನನ್ನ ಹೆಂಡತಿ ಹೂಂ ಅನ್ನದೆ ಒಂದು ಪೆಟ್ಟಿಗೆನೂ ಹೊಸ್ತಿಲು ದಾಟಿರಲಿಲ್ಲ. ಇದು ಅವಳು ಹೋದ ಮೇಲೆ ಮಾಡಿದ್ದು. ಸ, ಶ ನನಗೂ ಕೇಳಿಸಲಿ ಅಂತ ಮೇಲಿನದನ್ನ ಹೆಚ್ಚಿಸ್ತಾನೇ ಹೋದೆ," ಅಂದರು. ಆಮೇಲೆ ಎದ್ದು ಅಕ್ಕನ ಕೈಗೆ ಮುತ್ತಿಟ್ಟು, "ಏಜೆನ್ಸಿ ಈ ಮನೇಲೇ ಇರಲಿ. ಇದನ್ನ ತಿದ್ದಿ ಕಳಿಸ್ತೀನಿ, ಮೊದಲು ನೀವು ಕೇಳಿ," ಅಂದರು.

ಮರುದಿನ ನಾನು ಚಾ ಕುಡಿಯಲು ಅವರ ಮನೆಗೆ ಹೋಗಿದ್ದೆ. ಭಾವ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೆಟಲ್ಲಿನ ಮೂತಿಯಿಂದ ಹಬೆ ಬರುತ್ತಿತ್ತು. ಅವರ ಕಣ್ಣು ಮಾತ್ರ ಅಕ್ಕನ ಮುಖದ ಮೇಲಿತ್ತು.

"ಕೂಗ್ತಾ ಇದೆಯಾ, ಹಲೀನಾ?"

"ಕೂಗ್ತಾ ಇದೆ, ಬೊಗುಶ್. ಆರಿಸು," ಅಂದಳು ಅಕ್ಕ. ಭಾವ ಎದ್ದು ಒಲೆ ಆರಿಸಿದರು.