ಹಳದಿ ಬಾಗಿಲಿನ ಜವಾನ

ಒಣಗುತ್ತದೋ ಇಲ್ಲವೋ. ಒಣಗಿದರೂ ಆ ಅಜ್ಜಿಗೆ ಇದು ಹಳದಿ ಎಂದು ದೂರದಿಂದ ಕಂಡೀತೇ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನ್ಯಾಯಾಲಯದ ಉದ್ದನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ನಿಂತ ಜವಾನರೊಬ್ಬರು ಬ್ರಷ್ ಹಿಡಿದು ಇದನ್ನೇ ಯೋಚಿಸುತ್ತಿದ್ದಾರೆ. ಹಸಿರು, ನೀಲಿ, ಕೆಂಪು ಬಾಗಿಲುಗಳು ನಿನ್ನೆಯೇ ಮುಗಿದಿವೆ. ಉಳಿದದ್ದು ಇದೊಂದು.

ಮೊದಲು ಇಲ್ಲಿನ ಬಾಗಿಲುಗಳೆಲ್ಲ ಒಂದೇ ಕಂದು ಬಣ್ಣ, ಮೇಲೊಂದು ಫಲಕ. ಓದು ಬಾರದವರು ಯಾವುದೋ ಬಾಗಿಲ ಮುಂದೆ ಕುಳಿತುಬಿಡುತ್ತಿದ್ದರು. ಯಾರನ್ನೂ ಕೇಳುತ್ತಿರಲಿಲ್ಲ, ಕೇಳಿದರೆ ಓದು ಬಾರದೆಂದು ತಿಳಿದುಬಿಡುತ್ತದಲ್ಲ. ಆ ಅಜ್ಜಿಯೂ ಹಾಗೆಯೇ ಕುಳಿತಿದ್ದರು. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳಲು ಅನುಮತಿ ಕೇಳಿ ಬಂದವರು. ಹೆಸರನ್ನು ಕೂಗಿದ್ದು ಪಕ್ಕದ ಕೋಣೆಯಲ್ಲಿ. ಯಾರೂ ಬರಲಿಲ್ಲವೆಂದು ಅರ್ಜಿ ವಜಾ ಆಯಿತು. ಉಚಿತ ಕಾನೂನು ನೆರವಿನ ವಕೀಲೆ ಓಡಾಡಿ ಅದನ್ನು ಮತ್ತೆ ತೆರೆಸಿದ್ದಾರೆ. ಇವತ್ತೂ ತಪ್ಪಿದರೆ ಮಗು ಅನಾಥಾಲಯಕ್ಕೆ.

"ಸಂಜೆ ಬೀಗ ಹಾಕೋಕೆ ಹೋದ್ರೆ, 'ನನ್ನ ಇನ್ನೂ ಕರೀಲಿಲ್ಲಪ್ಪ' ಅಂದ್ರು," ಎನ್ನುತ್ತಾರೆ ಜವಾನರು. "ಅವತ್ತು ನಂಗೆ ಊಟ ಸೇರ್ಲಿಲ್ಲ."

ಮರುದಿನವೇ ನ್ಯಾಯಾಧೀಶರ ಮುಂದೆ ಕೈಕಟ್ಟಿ ನಿಂತರು. ಬಾಗಿಲಿಗೊಂದು ಬಣ್ಣ ಬಳಿದು, ಅದೇ ಬಣ್ಣದ ಪಟ್ಟಿಯನ್ನು ನೋಟಿಸಿಗೆ ಅಂಟಿಸೋಣವೇ ಎಂದು ಕೇಳಿದರು. "ಇದೇನಯ್ಯಾ, ಕೋರ್ಟನ್ನ ಶಿಶುವಿಹಾರ ಮಾಡ್ತೀಯಾ?" ಎಂದು ನಕ್ಕು ಸಾಹೇಬರು ಒಪ್ಪಿದರು. ಬಳಿಯುವವರು ಸಿಗಲಿಲ್ಲ, ನೋಯುವ ಮಂಡಿಯಲ್ಲಿ ಇವರೇ ಸ್ಟೂಲು ಹತ್ತಿದರು. ಹೆಂಡತಿಯದು ಬೇರೆ ತಕರಾರು: "ನಮ್ಮನೆ ಬಾಗಿಲು ಬಣ್ಣ ಕಂಡು ಯಾವ ಕಾಲ ಆಯ್ತೋ. ಊರೋರ ಬಾಗಿಲು ಅಂದ್ರೆ ಇವ್ರಿಗೆ ಮಂಡಿನೋವೂ ಮಾಯ."

ಕಲಾಪದ ಹೊತ್ತಿಗೆ ಅಜ್ಜಿ ಬರುತ್ತಾರೆ. ಒಂದು ಕೈಯಲ್ಲಿ ಮೊಮ್ಮಗಳು, ಇನ್ನೊಂದರಲ್ಲಿ ಹಳದಿ ಪಟ್ಟಿಯ ನೋಟಿಸು. ವಕೀಲೆ ಹೇಳಿಕೊಟ್ಟಂತೆ ಬಣ್ಣ ನೋಡುತ್ತಾ ಹಸಿರು ದಾಟುತ್ತಾರೆ, ನೀಲಿ ದಾಟುತ್ತಾರೆ. ಜವಾನರು ಪಡಸಾಲೆಯ ಆ ತುದಿಯಿಂದ ನೋಡುತ್ತಿದ್ದಾರೆ. ಹಳದಿಯ ಮುಂದೆ ಅಜ್ಜಿ ನಿಲ್ಲುತ್ತಾರೆ. ಪಟ್ಟಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡುತ್ತಾರೆ. ಹಿಡಿದಿದ್ದ ಮೊಮ್ಮಗಳ ಕೈ ಸಡಿಲಿಸಿ, ಅಂಗೈಯಿಂದ ಬಾಗಿಲು ತಳ್ಳಿ ಒಳಗೆ ಹೋಗುತ್ತಾರೆ. ಹೆಸರು ಕೂಗಿದಾಗ ಎತ್ತಿದ ಆ ಕೈ ಪೂರ್ತಿ ಹಳದಿ.

ಮಧ್ಯಾಹ್ನದೊಳಗೆ ಆದೇಶ ಬರುತ್ತದೆ: ಮಗು ಅಜ್ಜಿಯ ಬಳಿಯೇ ಇರಲಿ. ನ್ಯಾಯಾಧೀಶರಿಗೆ ಕೈಮುಗಿದು, ವಕೀಲೆಗೆ ಕೈಮುಗಿದು ಹೊರಬಂದ ಅಜ್ಜಿ ಜವಾನರ ಮುಂದೆ ಅಂಗೈ ಚಾಚುತ್ತಾರೆ.

"ಯಾವ ಪುಣ್ಯಾತ್ಮ ಹಸಿ ಬಣ್ಣ ಬಳಿದಿಟ್ಟಿದ್ನೋ, ನೋಡಪ್ಪ ಇಲ್ಲಿ. ಹೋಗ್ಲಿ, ಅವನ ಹೊಟ್ಟೆ ತಣ್ಣಗಿರ್ಲಿ. ಬಾಗಿಲು ಸಿಕ್ತು."

"ಒರೆಸ್ಕೊಳ್ಳಿ ಅಮ್ಮ," ಎಂದು ಜವಾನರು ಸೀಮೆಎಣ್ಣೆಯ ಬಟ್ಟೆ ಕೊಡುತ್ತಾರೆ.

ಬಳಿದದ್ದು ತಾವೇ ಎಂದು ಅವರು ಹೇಳಲಿಲ್ಲ.